ನಿಶ್ಚಿತ ಅನುಕಲ: ಸೂತ್ರ ಬರುತ್ತೆ, ಉತ್ತರ ಯಾಕೆ ತಪ್ಪುತ್ತೆ?

"ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ, ಇಂಟಿಗ್ರೇಷನ್ ಕೂಡ ಸರಿಯಾಗೇ ಮಾಡಿದ್ದೆ, ಆದರೂ ಉತ್ತರ ತಾಳೆಯಾಗಲಿಲ್ಲ." ದ್ವಿತೀಯ ಪಿಯುಸಿಯವರು, ಸಿಇಟಿಗೆ ಓದುತ್ತಿರುವವರು, ಡಿಪ್ಲೊಮಾ ಮತ್ತು ಬಿಎಸ್ಸಿಯವರು ಎಲ್ಲರೂ ಕೇಳುವುದು ಇದನ್ನೇ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಅನುಕಲ ಅಂದರೆ ವಿಸ್ತೀರ್ಣ ಅಂತಾರೆ, ನನಗೆ ಸೊನ್ನೆ ಬಂದಿದೆ. ವಿಸ್ತೀರ್ಣ ಸೊನ್ನೆ ಆಗೋದು ಹೇಗೆ?" ಅನುಕಲನ ಬಾರದೆ ಅಂಕ ಕಳೆದುಕೊಳ್ಳುವವರು ಕಡಿಮೆ. ಲಿಮಿಟ್ ಹಾಕುವಾಗ, ಮೈನಸ್ ಬಿಡಿಸುವಾಗ, ನಡುವೆ ಎಲ್ಲೋ ಫಂಕ್ಷನ್ ಮುರಿದಿದ್ದನ್ನು ಗಮನಿಸದೆ ಕಳೆದುಕೊಳ್ಳುವವರೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಸೂತ್ರಗಳ ಪಟ್ಟಿ ಇಲ್ಲ. ಲೆಕ್ಕ ಕೈಗೆ ಬಂದಾಗ ಯಾವ ಕ್ರಮದಲ್ಲಿ ಹೋಗಬೇಕು, ಯಾವ ಹಂತದಲ್ಲಿ ಕಾಲು ಜಾರುತ್ತದೆ ಎನ್ನುವುದಷ್ಟೇ ಇದೆ.

ಮೊದಲು ಬೇಕಾದದ್ದು

ಅವಕಲನ, ಅಂದರೆ ಡಿಫರೆನ್ಷಿಯೇಷನ್, ಚೆನ್ನಾಗಿ ಬರಬೇಕು. ಘಾತಗಳು, ಸೈನ್, ಕಾಸ್, ಇ^ಕ್ಷ, 1/ಕ್ಷ (ಇಲ್ಲಿ ಕ್ಷ ಎಂದರೆ ಪುಸ್ತಕದ ಎಕ್ಸ್, ಇ ಎಂದರೆ ಸುಮಾರು 2.718 ಬೆಲೆಯ ಸಂಖ್ಯೆ) ಇವುಗಳ ಅನುಕಲನ ಗೊತ್ತಿರಬೇಕು. ಒಂದು ಪೆನ್ಸಿಲ್, ಒರಟು ಚಿತ್ರ ಬಿಡಿಸಲು ಒಂದಿಷ್ಟು ಖಾಲಿ ಜಾಗ. ಕ್ಯಾಲ್ಕುಲೇಟರ್ ಇದ್ದರೆ ಅದು ಡಿಗ್ರಿಯಲ್ಲಿ ಇಲ್ಲ, ರೇಡಿಯನ್‌ನಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಸೈನ್ ಕ್ಷ ಅನ್ನು 0ಯಿಂದ 1ರವರೆಗೆ ಅನುಕಲಿಸಿದರೆ 1 − ಕಾಸ್ 1, ಅಂದರೆ ಸುಮಾರು 0.4597 ಬರಬೇಕು. ಡಿಗ್ರಿಯಲ್ಲಿಟ್ಟರೆ 0.00015 ಬರುತ್ತದೆ, ಮೂರು ಸಾವಿರ ಪಟ್ಟು ವ್ಯತ್ಯಾಸ.

ಬರಹದ ಗುರುತುಗಳ ಬಗ್ಗೆ ಒಂದು ಮಾತು. ಪುಸ್ತಕದ ಎಕ್ಸ್ ಅನ್ನು ಇಲ್ಲಿ ಕ್ಷ ಎಂದು ಬರೆದಿದೆ, ಕ್ಷ-ಕಿರಣದಲ್ಲಿ ಇರುವ ಹಾಗೇ. ಡಿಎಕ್ಸ್ ಎಂಬುದು ಡಿಕ್ಷ. ಲಾಗ್ ಎಂದರೆ ಇ ಆಧಾರದ ಲಾಗ್. ಫ(ಕ್ಷ) ಎಂದರೆ ಕೊಟ್ಟಿರುವ ಫಂಕ್ಷನ್. ಪ್ರ(ಕ್ಷ) ಎಂದರೆ ಯಾವುದನ್ನು ಅವಕಲಿಸಿದರೆ ಫ(ಕ್ಷ) ಸಿಗುತ್ತದೋ ಅದು, ಅಂದರೆ ಪ್ರತಿ-ಅವಕಲ. ∫[0→2] ಎಂದಿದ್ದರೆ ಕೆಳಗಿನ ಲಿಮಿಟ್ 0, ಮೇಲಿನದು 2.

ಹಂತ 1: ಇದು ಏನನ್ನು ಕೂಡುತ್ತಿದೆ ಎಂದು ನೋಡಿ

ನಿಮ್ಮ ಮನೆಯ ಕರೆಂಟ್ ಮೀಟರ್ ದಿನವಿಡೀ ಮಾಡುವುದು ನಿಶ್ಚಿತ ಅನುಕಲವನ್ನೇ. 2 ಕಿಲೋವ್ಯಾಟ್ ಗೀಜರ್ ಅರ್ಧ ಗಂಟೆ ಉರಿದರೆ 2 × ½ = 1 ಯೂನಿಟ್. ಲೋಡ್ ಒಂದೇ ಸಮ ಇದ್ದರೆ ಲೆಕ್ಕ ಬರೀ ಗುಣಾಕಾರ. ಆದರೆ ಫ್ರಿಜ್ ಆನ್ ಆಗಿ ಆಫ್ ಆಗುತ್ತದೆ, ಮಿಕ್ಸಿ ತಿರುಗುತ್ತದೆ, ಮೋಟಾರ್ ಓಡುತ್ತದೆ. ಲೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆಗ ಸಮಯವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಲೋಡ್ ಬದಲಾಗಿಲ್ಲ ಎಂದುಕೊಂಡು ಗುಣಿಸಿ, ಎಲ್ಲವನ್ನೂ ಕೂಡಬೇಕು. ತುಂಡುಗಳನ್ನು ಸಣ್ಣದು ಮಾಡುತ್ತಾ ಹೋದಂತೆ ಆ ಮೊತ್ತ ಯಾವ ಸಂಖ್ಯೆಯ ಹತ್ತಿರ ನೆಲೆ ನಿಲ್ಲುತ್ತದೋ ಅದೇ ನಿಶ್ಚಿತ ಅನುಕಲ.

∫[0→2] ಕ್ಷ² ಡಿಕ್ಷ ತೆಗೆದುಕೊಂಡು ಒಮ್ಮೆ ಕೈಯಾರೆ ಮಾಡಿ ನೋಡಿ. 0ಯಿಂದ 2ರವರೆಗಿನ ದೂರವನ್ನು ನಾಲ್ಕು ಪಟ್ಟಿ ಮಾಡಿದರೆ ಒಂದೊಂದರ ಅಗಲ 0.5. ಪ್ರತಿ ಪಟ್ಟಿಯ ಎಡ ಅಂಚಿನ ಎತ್ತರ ಹಿಡಿದರೆ 0.5 × (0 + 0.25 + 1 + 2.25) = 1.75. ಬಲ ಅಂಚು ಹಿಡಿದರೆ 0.5 × (0.25 + 1 + 2.25 + 4) = 3.75. ನಿಜವಾದ ಉತ್ತರ ಎರಡರ ನಡುವೆ ಎಲ್ಲೋ ಇದೆ. ಪಟ್ಟಿಯ ನಟ್ಟನಡುವಿನ ಎತ್ತರ ಹಿಡಿದರೆ ನಾಲ್ಕೇ ಪಟ್ಟಿಗೆ 2.625 ಸಿಗುತ್ತದೆ. ನೂರು ಪಟ್ಟಿ ಮಾಡಿದರೆ ಎಡದ ಮೊತ್ತ 2.6268, ಬಲದ ಮೊತ್ತ 2.7068. ಎರಡೂ ಕಡೆಯಿಂದ ಒತ್ತಿಕೊಂಡು ಬಂದು ನಿಲ್ಲುವುದು 8/3ರಲ್ಲಿ, ಅಂದರೆ 2.6667ರ ಹತ್ತಿರ. ಒಂದು ಸಲವಾದರೂ ಇದನ್ನು ಕಾಗದದ ಮೇಲೆ ಮಾಡಿದವರಿಗೆ ಮುಂದಿನ ಹಂತಗಳು ಮಂತ್ರದಂತೆ ಕಾಣುವುದಿಲ್ಲ.

∫ ಗುರುತು ಉದ್ದಕ್ಕೆ ಎಳೆದ 'ಎಸ್' ಅಕ್ಷರ, ಮೊತ್ತ ಎಂಬ ಅರ್ಥದ ಲ್ಯಾಟಿನ್ ಪದದ ಮೊದಲ ಅಕ್ಷರ. ಲೈಬ್ನಿಟ್ಜ್ 1675ರ ಅಕ್ಟೋಬರ್ 29ರಂದು ತನ್ನ ಟಿಪ್ಪಣಿಯಲ್ಲಿ ಇದನ್ನು ಬಳಸಿದ. ಲಿಮಿಟ್‌ಗಳನ್ನು ಗುರುತಿನ ಕೆಳಗೆ ಮೇಲೆ ಬರೆಯುವ ರೂಢಿ ತಂದವನು ಫೂರಿಯರ್. ಡಿಕ್ಷ ಎಂಬುದು ಪಟ್ಟಿಯ ಅಗಲ. ಹಾಗಾಗಿ ಅದನ್ನು ಬರೆಯದೆ ಬಿಡುವುದು ಎತ್ತರ ಹೇಳಿ ಅಗಲ ಹೇಳದ ಹಾಗೆ. ಹಂತ 5ರಲ್ಲಿ ಈ ಅಸಡ್ಡೆಗೆ ಬೆಲೆ ತೆರಬೇಕಾಗುತ್ತದೆ.

'ಲಿಮಿಟ್' ಪದದಿಂದಲೂ ಗೊಂದಲವಾಗುತ್ತದೆ. ಪಟ್ಟಿಗಳು ಸಣ್ಣದಾಗುತ್ತಾ ಮೊತ್ತ ಮುಟ್ಟುವ ಲಿಮಿಟ್ ಬೇರೆ, ∫ ಗುರುತಿನ ಮೇಲೆ ಕೆಳಗೆ ಇರುವ ಲಿಮಿಟ್ ಬೇರೆ. ಎರಡನೆಯದು ಲೆಕ್ಕ ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಗಡಿ, ಅಷ್ಟೇ. ಈ ಲೇಖನದಲ್ಲಿ ಇನ್ನು ಮುಂದೆ ಲಿಮಿಟ್ ಎಂದರೆ ಈ ಗಡಿ.

ಹಂತ 2: ಮಧ್ಯೆ ಎಲ್ಲಾದರೂ ಮುರಿದಿದೆಯೇ ಪರೀಕ್ಷಿಸಿ

ಅನುಕಲಿಸಲು ಹೊರಡುವ ಮೊದಲೇ ಮಾಡಬೇಕಾದ ಕೆಲಸ ಇದು. ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ. ಎರಡು ಲಿಮಿಟ್‌ಗಳ ನಡುವೆ, ಲಿಮಿಟ್‌ಗಳನ್ನೂ ಸೇರಿಸಿ, ಛೇದ ಸೊನ್ನೆಯಾಗುವ ಜಾಗ ಇದೆಯೇ? ಲಾಗ್ ಒಳಗೆ ಸೊನ್ನೆ ಅಥವಾ ಋಣ ಬರುತ್ತದೆಯೇ? ಟ್ಯಾನ್, ಸೆಕ್ ಇದ್ದರೆ π/2 ಒಳಗೆ ಬೀಳುತ್ತದೆಯೇ?

ಒಂದು ಉದಾಹರಣೆ: ∫[−1→1] (1/ಕ್ಷ²) ಡಿಕ್ಷ. 1/ಕ್ಷ² ನ ಪ್ರತಿ-ಅವಕಲ −1/ಕ್ಷ. ಲಿಮಿಟ್ ಹಾಕಿದರೆ (−1) − (1) = −2. ಆದರೆ 1/ಕ್ಷ² ಎಲ್ಲೂ ಋಣವಲ್ಲ. ಧನ ಎತ್ತರದ ಪಟ್ಟಿಗಳನ್ನು ಎಷ್ಟು ಕೂಡಿದರೂ −2 ಬರಲು ಸಾಧ್ಯವೇ ಇಲ್ಲ. ತಪ್ಪಾಗಿದ್ದು ಇಲ್ಲಿ: ಕ್ಷ = 0 ಹತ್ತಿರ ಫಂಕ್ಷನ್ ಅನಂತಕ್ಕೆ ಹಾರುತ್ತದೆ, ಪ್ರತಿ-ಅವಕಲವೂ ಅಲ್ಲಿ ತುಂಡಾಗಿದೆ. ಈ ಅನುಕಲಕ್ಕೆ ಬೆಲೆಯೇ ಇಲ್ಲ. ಸೆಕ್² ಕ್ಷ ಅನ್ನು 0ಯಿಂದ πವರೆಗೆ ಅನುಕಲಿಸಿ "ಟ್ಯಾನ್ π − ಟ್ಯಾನ್ 0 = 0" ಎಂದು ಬರೆಯುವುದೂ ಇದೇ ಜಾತಿಯ ತಪ್ಪು.

ಮಾಡ್ಯುಲಸ್ ಅಥವಾ ಗರಿಷ್ಠ ಪೂರ್ಣಾಂಕ ಫಂಕ್ಷನ್ ಇದ್ದರೆ ಕಥೆ ಬೇರೆ. ಅಲ್ಲಿ ಅನಂತದ ಗೊಡವೆಯಿಲ್ಲ. ಸೂತ್ರ ಬದಲಾಗುವ ಜಾಗದಲ್ಲಿ ಕತ್ತರಿಸಿ ಎರಡು ಮೂರು ಅನುಕಲ ಮಾಡಿದರೆ ಮುಗಿಯಿತು. [ಕ್ಷ] ಎಂದರೆ ಕ್ಷ ಅನ್ನು ಮೀರದ ಅತಿ ದೊಡ್ಡ ಪೂರ್ಣಾಂಕ. ∫[0→3] [ಕ್ಷ] ಡಿಕ್ಷ ಎಂದರೆ 0ಯಿಂದ 1ರವರೆಗೆ ಎತ್ತರ 0, ಆಮೇಲೆ 1, ಆಮೇಲೆ 2, ಒಟ್ಟು 3.

ಹಂತ 3: ಉತ್ತರ ಎಷ್ಟಿರಬಹುದು ಅಂದಾಜು ಮಾಡಿ

ಹದಿನೈದು ಸೆಕೆಂಡಿನ ಕೆಲಸ. ಫಂಕ್ಷನ್ನಿನ ಕನಿಷ್ಠ ಬೆಲೆಯನ್ನು ಅಂತರದ ಉದ್ದದಿಂದ ಗುಣಿಸಿ, ಗರಿಷ್ಠ ಬೆಲೆಯನ್ನೂ ಹಾಗೇ ಗುಣಿಸಿ. ಉತ್ತರ ಈ ಎರಡರ ನಡುವೆ ಇರಲೇಬೇಕು. 0ಯಿಂದ 2ರವರೆಗಿನ ಕ್ಷ²ಗೆ 0 ಮತ್ತು 8 ಸಿಗುತ್ತವೆ, 8/3 ಒಳಗಿದೆ. ಅಂದಾಜು ಒರಟಾಗಿದ್ದರೂ ಪರವಾಗಿಲ್ಲ. ಇದರ ಉಪಯೋಗ ಹಂತ 5ರಲ್ಲಿ ನೀವೇ ನೋಡುತ್ತೀರಿ.

ಹಂತ 4: ರೀಡಿಂಗ್ ತೆಗೆದುಕೊಂಡು ಕಳೆಯಿರಿ

ಕಲನಶಾಸ್ತ್ರದ ಮೂಲಭೂತ ಪ್ರಮೇಯ ಹೇಳುವುದು ಇಷ್ಟು: ಅಂತರದುದ್ದಕ್ಕೂ ಫ(ಕ್ಷ) ಅವಿಚ್ಛಿನ್ನವಾಗಿದ್ದರೆ, ಅಂದರೆ ಗೆರೆ ಎಲ್ಲೂ ಕಡಿಯದಿದ್ದರೆ,

∫[ಅ→ಬ] ಫ(ಕ್ಷ) ಡಿಕ್ಷ = ಪ್ರ(ಬ) − ಪ್ರ(ಅ)

ಸಾವಿರಾರು ಪಟ್ಟಿಗಳ ಮೊತ್ತ ಬರೀ ಎರಡು ತುದಿಗಳ ಬೆಲೆಯಿಂದ ಹೇಗೆ ಸಿಗುತ್ತದೆ? ಮತ್ತೆ ಮೀಟರ್ ನೋಡಿ. ಈ ತಿಂಗಳು ಎಷ್ಟು ಯೂನಿಟ್ ಖರ್ಚಾಯಿತು ಎಂದು ತಿಳಿಯಲು ರೀಡರ್ ಬಂದವರು ದಿನದಿನದ ಲೆಕ್ಕ ಕೇಳುವುದಿಲ್ಲ. ಈ ತಿಂಗಳ ರೀಡಿಂಗಿನಿಂದ ಹೋದ ತಿಂಗಳದ್ದನ್ನು ಕಳೆಯುತ್ತಾರೆ. ಲೋಡ್ ಎಂಬುದು ಫ, ಮೀಟರಿನ ಅಂಕಿ ಪ್ರ. ಮೀಟರ್ ಏರುವ ವೇಗವೇ ಆ ಕ್ಷಣದ ಲೋಡ್, ಅಂದರೆ ಪ್ರ ಅನ್ನು ಅವಕಲಿಸಿದರೆ ಫ.

ಇಷ್ಟು ಹಿಡಿದುಕೊಂಡರೆ ನಾಲ್ಕು ಸಂಶಯ ಒಟ್ಟಿಗೇ ಕಳಚುತ್ತವೆ. ಅನಿಶ್ಚಿತ ಅನುಕಲದಲ್ಲಿ, ಅಂದರೆ ಲಿಮಿಟ್ ಇಲ್ಲದ ಅನುಕಲದಲ್ಲಿ, ಬರೆಯುವ "+ ಸ್ಥಿರಾಂಕ" ಇಲ್ಲಿ ಯಾಕೆ ಬೇಡ? ಮೀಟರ್ ಕೂರಿಸಿದಾಗ ಅದರಲ್ಲಿ ಎಷ್ಟಿತ್ತು ಎನ್ನುವುದು ಎರಡೂ ರೀಡಿಂಗಿನಲ್ಲಿ ಇದೆ, ಕಳೆದಾಗ ಹೋಗುತ್ತದೆ. ಕೆಳಗಿನ ಲಿಮಿಟ್ 0 ಇದ್ದರೆ ಅದನ್ನು ಹಾಕದೆ ಬಿಡಬಹುದೇ? ಬೇಡ, ತಿಂಗಳ ಮೊದಲ ದಿನ ಮೀಟರ್ ಸೊನ್ನೆಯಲ್ಲಿ ಇರುವುದಿಲ್ಲ. ಲಿಮಿಟ್ ಅದಲು ಬದಲಾದರೆ? ಹೊಸದರಿಂದ ಹಳೆಯದನ್ನು ಕಳೆಯುವ ಬದಲು ಹಳೆಯದರಿಂದ ಹೊಸದನ್ನು ಕಳೆದಿದ್ದೀರಿ, ಗುರುತು ತಿರುಗುತ್ತದೆ. ಹಂತ 2ರ −2 ಎಲ್ಲಿಂದ ಬಂತು? ತಿಂಗಳ ನಡುವೆ ಮೀಟರನ್ನೇ ಬದಲಾಯಿಸಿದ್ದಾರೆ. ಹೊಸ ಮೀಟರಿನ ರೀಡಿಂಗಿನಿಂದ ಹಳೇ ಮೀಟರಿನದನ್ನು ಕಳೆದು ಬಂದ ಸಂಖ್ಯೆಗೆ ಅರ್ಥವಿಲ್ಲ.

ಸೊನ್ನೆಯ ತಪ್ಪು ಎಷ್ಟು ಸಾಮಾನ್ಯವೆಂದರೆ ಒಂದು ಉದಾಹರಣೆ ಕೊಡಲೇಬೇಕು. ∫[0→π/2] ಸೈನ್ ಕ್ಷ ಡಿಕ್ಷ ನಲ್ಲಿ ಪ್ರ(ಕ್ಷ) = −ಕಾಸ್ ಕ್ಷ. ಮೇಲಿನ ಲಿಮಿಟ್ ಹಾಕಿದರೆ −0, ಅಂದರೆ 0. ಕೆಳಗಿನದು "ಸೊನ್ನೆ ತಾನೇ" ಎಂದು ಬಿಟ್ಟರೆ ಉತ್ತರ 0. ಸರಿಯಾದದ್ದು: 0 − (−1) = 1. ಕಾಸ್ 0 = 1, ಇ⁰ = 1; ಈ ಎರಡು ಇರುವ ಕಡೆ ಎರಡು ಸಲ ನೋಡಿ.

ಆವರಣದ ವಿಷಯ. ಕೆಳಗಿನ ಲಿಮಿಟ್ ಹಾಕಿ ಬಂದದ್ದನ್ನು ಯಾವಾಗಲೂ ಆವರಣದೊಳಗೆ ಇಟ್ಟು, ಹೊರಗೆ ಮೈನಸ್ ಬರೆಯಿರಿ. ∫[1→3] (ಕ್ಷ² − 4ಕ್ಷ + 3) ಡಿಕ್ಷ ಮಾಡೋಣ. ಪ್ರ(ಕ್ಷ) = ಕ್ಷ³/3 − 2ಕ್ಷ² + 3ಕ್ಷ.

ಪ್ರ(3) = 9 − 18 + 9 = 0
ಪ್ರ(1) = 1/3 − 2 + 3 = 4/3
ಉತ್ತರ = 0 − (4/3) = −4/3

ಆವರಣ ಹಾಕದೆ ಒಂದೇ ಸಾಲಿನಲ್ಲಿ ಬರೆದವರು "9 − 18 + 9 − 1/3 − 2 + 3" ಎಂದು ಬರೆದು 2/3 ತರುತ್ತಾರೆ. ಮೈನಸ್ ಮೊದಲ ಪದಕ್ಕೆ ಮಾತ್ರ ತಗುಲಿತು, ಉಳಿದ ಎರಡಕ್ಕೆ ತಗುಲಲಿಲ್ಲ.

ಇದೇ ಫಂಕ್ಷನ್ನನ್ನು 0ಯಿಂದ 3ರವರೆಗೆ ಮಾಡಿ. ಪ್ರ(3) = 0, ಪ್ರ(0) = 0, ಉತ್ತರ 0. ಶುರುವಿನಲ್ಲಿ ಕೇಳಿದ ಪ್ರಶ್ನೆ ಇದೇ. ಕ್ಷ² − 4ಕ್ಷ + 3 ಎಂಬುದು (ಕ್ಷ − 1)(ಕ್ಷ − 3). 0ಯಿಂದ 1ರವರೆಗೆ ಗೆರೆ ಅಕ್ಷದ ಮೇಲಿದೆ, 1ರಿಂದ 3ರವರೆಗೆ ಕೆಳಗಿದೆ. ಮೇಲಿನ ತುಂಡು +4/3, ಕೆಳಗಿನದು −4/3. ಚಾವಣಿ ಮೇಲೆ ಸೋಲಾರ್ ಹಾಕಿಸಿ ನೆಟ್ ಮೀಟರ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ: ರಾತ್ರಿ ಲೈನಿನಿಂದ ಪಡೆದಷ್ಟನ್ನೇ ಹಗಲು ಲೈನಿಗೆ ಕೊಟ್ಟರೆ ನಿವ್ವಳ ಸೊನ್ನೆ. ತಂತಿಯಲ್ಲಿ ಏನೂ ಹರಿಯಲಿಲ್ಲ ಎಂದಲ್ಲ. ನಿಶ್ಚಿತ ಅನುಕಲ ನಿವ್ವಳ ಲೆಕ್ಕ ಕೊಡುತ್ತದೆ.

ಪ್ರಶ್ನೆಯಲ್ಲಿ "ವಿಸ್ತೀರ್ಣ ಕಂಡುಹಿಡಿಯಿರಿ" ಎಂದಿದ್ದರೆ ಮಾತ್ರ ಅಕ್ಷವನ್ನು ದಾಟುವ ಬಿಂದುಗಳಲ್ಲಿ ಕತ್ತರಿಸಿ, ಪ್ರತಿ ತುಂಡಿನ ಋಣ ಗುರುತು ತೆಗೆದು ಕೂಡಿ: 4/3 + 4/3 = 8/3. "ಬೆಲೆ ಕಂಡುಹಿಡಿಯಿರಿ" ಎಂದಿದ್ದರೆ ಸೊನ್ನೆಯೇ ಸರಿ. ಋಣ ಉತ್ತರ ಬಂತೆಂದು ಹೆದರಿ ಮೈನಸ್ ಅಳಿಸಬೇಡಿ.

ಹಂತ 5: ಆದೇಶ ಹಾಕಿದರೆ ಲಿಮಿಟನ್ನೂ ಬದಲಾಯಿಸಿ

ಆದೇಶ ಎಂದರೆ ಸಬ್‌ಸ್ಟಿಟ್ಯೂಷನ್: ಕ್ಷ ಇರುವ ಒಂದು ತುಣುಕಿಗೆ ಯು ಎಂದು ಹೊಸ ಹೆಸರಿಡುವುದು. ಹೆಸರಿಟ್ಟ ಮೇಲೆ ಮೂರು ಸಂಗತಿ ಬದಲಾಗಬೇಕು: ಫಂಕ್ಷನ್, ಡಿಕ್ಷ, ಎರಡೂ ಲಿಮಿಟ್‌ಗಳು. ಎರಡನ್ನು ಬದಲಾಯಿಸಿ ಮೂರನೆಯದನ್ನು ಮರೆಯುವುದೇ ಇಲ್ಲಿಯ ದೊಡ್ಡ ಗುಂಡಿ.

∫[0→1] 2ಕ್ಷ(ಕ್ಷ² + 1)³ ಡಿಕ್ಷ

ಯು = ಕ್ಷ² + 1 ಎಂದಿರಲಿ. ಆಗ ಡಿಯು = 2ಕ್ಷ ಡಿಕ್ಷ. ಪಕ್ಕದಲ್ಲೇ ಒಂದು ಪುಟ್ಟ ಪಟ್ಟಿ ಬರೆಯಿರಿ: ಕ್ಷ = 0 ಆದಾಗ ಯು = 1; ಕ್ಷ = 1 ಆದಾಗ ಯು = 2. ಈಗ ಲೆಕ್ಕ ∫[1→2] ಯು³ ಡಿಯು = (16 − 1)/4 = 15/4. ಲಿಮಿಟ್ ಬದಲಾಯಿಸದೆ 0, 1 ಹಾಗೇ ಇಟ್ಟಿದ್ದರೆ 1/4 ಬರುತ್ತಿತ್ತು. ಕ್ಷ ಬೆಲೆಗಳನ್ನು ಯು ಮೀಟರಿಗೆ ಹಾಕಿದ ಹಾಗೆ.

ಲಿಮಿಟ್ ಬದಲಾಯಿಸದೆ, ಕೊನೆಯಲ್ಲಿ ಯು ಜಾಗಕ್ಕೆ ಮತ್ತೆ ಕ್ಷ² + 1 ಬರೆದು ಹಳೇ ಲಿಮಿಟ್ ಹಾಕಿದರೂ ಉತ್ತರ ಅದೇ. ಎರಡರಲ್ಲಿ ಒಂದನ್ನು ಮಾಡಿ. ಅರ್ಧ ಇದು, ಅರ್ಧ ಅದು ಮಾಡಿದಾಗಲೇ ಕೆಡುವುದು. ಲಿಮಿಟ್ ಬದಲಾಯಿಸುವ ದಾರಿಯೇ ಚುಟುಕು, ವಾಪಸ್ ಬರುವ ಶ್ರಮ ಇಲ್ಲ.

ಹೊಸ ಲಿಮಿಟ್‌ಗಳು ತಲೆಕೆಳಗಾಗಿ ಬಂದರೆ ಗಾಬರಿ ಬೇಡ. ∫[0→π/2] ಕಾಸ್² ಕ್ಷ ಸೈನ್ ಕ್ಷ ಡಿಕ್ಷ ನಲ್ಲಿ ಯು = ಕಾಸ್ ಕ್ಷ ಎಂದರೆ ಡಿಯು = −ಸೈನ್ ಕ್ಷ ಡಿಕ್ಷ, ಲಿಮಿಟ್‌ಗಳು 1ರಿಂದ 0ಗೆ. ಒಂದು ಮೈನಸ್ ಡಿಯು ಇಂದ, ಇನ್ನೊಂದು ಲಿಮಿಟ್ ತಿರುಗಿಸಿದ್ದರಿಂದ; ಎರಡೂ ಸೇರಿ ಹೋಗಿ ∫[0→1] ಯು² ಡಿಯು = 1/3. ಚಿಕ್ಕ ಸಂಖ್ಯೆಯೇ ಕೆಳಗಿರಬೇಕು ಎಂದು ಸುಮ್ಮನೆ ಅದಲು ಬದಲು ಮಾಡಿದವರಿಗೆ −1/3 ಸಿಗುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಬಲೆ ಇದೆ. ∫[−1→1] ಕ್ಷ² ಡಿಕ್ಷ ನಲ್ಲಿ ಯಾರೋ ಯು = ಕ್ಷ² ಎಂದರು ಎನ್ನಿ. ಕ್ಷ = −1 ಆದಾಗಲೂ ಯು = 1, ಕ್ಷ = 1 ಆದಾಗಲೂ ಯು = 1. ಲಿಮಿಟ್‌ಗಳೆರಡೂ ಒಂದೇ, ಉತ್ತರ ಸೊನ್ನೆ! ನಿಜವಾದ ಉತ್ತರ 2/3. ಕೆಟ್ಟಿದ್ದು ಡಿಕ್ಷ ಅನ್ನು ಯು ರೂಪಕ್ಕೆ ತರಲು ಕ್ಷ = √ಯು ಎಂದು ಬರೆದಾಗ. 0ಯ ಎಡಗಡೆ ಕ್ಷ = −√ಯು; ಒಂದೇ ಸೂತ್ರ ಎರಡೂ ಕಡೆಗೆ ಹೊಂದುವುದಿಲ್ಲ. 0ಯಲ್ಲಿ ಕತ್ತರಿಸಿ ಎರಡು ಭಾಗ ಮಾಡಿದ್ದರೆ ಸರಿಹೋಗುತ್ತಿತ್ತು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದಕ್ಕೇ ಇನ್ನೊಂದು ವೇಷದಲ್ಲಿ ಸಿಕ್ಕಿಬೀಳುತ್ತಾರೆ. ∫[0→2π] ಡಿಕ್ಷ/(2 + ಕಾಸ್ ಕ್ಷ) ಕೊಟ್ಟಾಗ ಕೈ ತಾನಾಗಿ ಟಿ = ಟ್ಯಾನ್(ಕ್ಷ/2) ಬರೆಯುತ್ತದೆ. ಕ್ಷ = 0ಗೂ ಟಿ = 0, ಕ್ಷ = 2πಗೂ ಟಿ = 0. ಸೊನ್ನೆ. ಈಗ ಹಂತ 3 ನೆನಪಿಸಿಕೊಳ್ಳಿ: ಈ ಫಂಕ್ಷನ್ 1/3 ಮತ್ತು 1ರ ನಡುವೆ ಇದೆ, ಅಂತರದ ಉದ್ದ 6.28, ಹಾಗಾಗಿ ಉತ್ತರ 2.09ಕ್ಕಿಂತ ಕಡಿಮೆ ಇರಲಾರದು. ಟ್ಯಾನ್(ಕ್ಷ/2) ಎಂಬುದು ಕ್ಷ = π ಯಲ್ಲಿ ಮುರಿಯುತ್ತದೆ, ಅದೇ ಕಾರಣ. ಕಾಸ್ ಕ್ಷ ಎಂಬುದು π ಯ ಆಚೆ ಈಚೆ ಕನ್ನಡಿಯಂತೆ ಇರುವುದರಿಂದ 0ಯಿಂದ πವರೆಗೆ ಮಾಡಿ ಎರಡರಿಂದ ಗುಣಿಸಿ. ಟಿ 0ಯಿಂದ ಅನಂತಕ್ಕೆ ಹೋಗುತ್ತದೆ, ಒಳಗಿನದು 2 ಡಿಟಿ/(3 + ಟಿ²) ಆಗುತ್ತದೆ, ಅದರ ಬೆಲೆ π/√3. ಒಟ್ಟು ಉತ್ತರ 2π/√3, ಸುಮಾರು 3.63.

ಭಾಗಶಃ ಅನುಕಲನಕ್ಕೆ, ಅಂದರೆ ಇಂಟಿಗ್ರೇಷನ್ ಬೈ ಪಾರ್ಟ್ಸ್‌ಗೆ, ಒಂದೇ ಎಚ್ಚರಿಕೆ ಸಾಕು: ಲಿಮಿಟ್‌ಗಳು ಹೊರಗೆ ಬಂದ ಗುಣಲಬ್ಧಕ್ಕೂ ಹಾಕಬೇಕು. ∫[0→1] ಕ್ಷ ಇ^ಕ್ಷ ಡಿಕ್ಷ = [ಕ್ಷ ಇ^ಕ್ಷ] − ∫[0→1] ಇ^ಕ್ಷ ಡಿಕ್ಷ. ಮೊದಲನೆಯದು ಇ − 0, ಎರಡನೆಯದು ಇ − 1, ಉತ್ತರ 1.

ಹಂತ 6: ಅನುಕಲಿಸದೆ ಬಿಡಿಸಬಹುದೇ ನೋಡಿ

ಪರೀಕ್ಷೆಯಲ್ಲಿ ಭಯಂಕರವಾಗಿ ಕಾಣುವ ನಿಶ್ಚಿತ ಅನುಕಲ ಬಂದರೆ, ಅದರ ಪ್ರತಿ-ಅವಕಲ ಹುಡುಕಲು ಹೊರಡಬೇಡಿ. ಪ್ರಶ್ನೆ ಕೊಟ್ಟವರೂ ಅದನ್ನು ಹುಡುಕಿರುವುದಿಲ್ಲ. ಲಿಮಿಟ್‌ಗಳನ್ನು ನೋಡಿ.

ಲಿಮಿಟ್‌ಗಳು −ಅ ಮತ್ತು ಅ ಆಗಿದ್ದರೆ ಸಮ-ಬೆಸ ಪರೀಕ್ಷೆ. ಕ್ಷ ಜಾಗಕ್ಕೆ −ಕ್ಷ ಹಾಕಿದಾಗ ಗುರುತು ತಿರುಗಿದರೆ ಅದು ಬೆಸ ಫಂಕ್ಷನ್, ಅನುಕಲ ಸೊನ್ನೆ. ∫[−2→2] (ಕ್ಷ⁵ − 3ಕ್ಷ³ + ಕ್ಷ ಕಾಸ್ ಕ್ಷ + 5) ಡಿಕ್ಷ ನಲ್ಲಿ ಮೊದಲ ಮೂರು ಪದ ಬೆಸ, ಅಳಿಸಿಹಾಕಿ. ಉಳಿದದ್ದು 5 × 4 = 20. ಆದರೆ 1/ಕ್ಷ ಬೆಸ ಎಂದು ∫[−1→1] (1/ಕ್ಷ) ಡಿಕ್ಷ = 0 ಎನ್ನುವಂತಿಲ್ಲ; ಹಂತ 2 ಅದನ್ನು ಮೊದಲೇ ತಡೆಯಬೇಕಿತ್ತು.

ಲಿಮಿಟ್‌ಗಳು 0 ಮತ್ತು ಅ ಆಗಿದ್ದರೆ ಈ ಗುಣ:

∫[0→ಅ] ಫ(ಕ್ಷ) ಡಿಕ್ಷ = ∫[0→ಅ] ಫ(ಅ − ಕ್ಷ) ಡಿಕ್ಷ

ಅರ್ಥ ಸರಳ. ಪಟ್ಟಿಗಳನ್ನು ಎಡದಿಂದ ಬಲಕ್ಕೆ ಕೂಡಿದರೂ ಬಲದಿಂದ ಎಡಕ್ಕೆ ಕೂಡಿದರೂ ಮೊತ್ತ ಒಂದೇ. ದ್ವಿತೀಯ ಪಿಯುಸಿಯಲ್ಲಿ ಇದನ್ನು ಸಾಧಿಸಿ, ಅದನ್ನು ಬಳಸಿ ಒಂದು ಲೆಕ್ಕ ಬಿಡಿಸಿ ಎಂದು ಕೇಳುವುದು ವಾಡಿಕೆ. ಸಾಧನೆಗೆ ಟಿ = ಅ − ಕ್ಷ ಎಂದಿಡಿ; ಡಿಟಿ = −ಡಿಕ್ಷ; ಕ್ಷ = 0 ಆದಾಗ ಟಿ = ಅ, ಕ್ಷ = ಅ ಆದಾಗ ಟಿ = 0. ಮೈನಸ್ ಬಳಸಿ ಲಿಮಿಟ್ ತಿರುಗಿಸಿ. ಕೊನೆಗೆ ಟಿ ಬದಲು ಕ್ಷ ಎಂದು ಬರೆಯಬಹುದು, ಯಾಕೆಂದರೆ ನಿಶ್ಚಿತ ಅನುಕಲದ ಉತ್ತರ ಒಂದು ಸಂಖ್ಯೆ. ಒಳಗಿನ ಚರಾಕ್ಷರದ ಹೆಸರು ಏನಾದರೇನು. ಲಿಮಿಟ್ ಬದಲಾದ ಸಾಲನ್ನೂ ಹೆಸರು ಬದಲಾಯಿಸಿದ ಸಾಲನ್ನೂ ಬರೆಯದೆ ಜಿಗಿಯಬೇಡಿ, ಸಾಧನೆ ಇರುವುದೇ ಆ ಎರಡು ಸಾಲಿನಲ್ಲಿ.

ಈಗ ಅದರ ಕೈಚಳಕ: ∫[0→π/4] ಲಾಗ್(1 + ಟ್ಯಾನ್ ಕ್ಷ) ಡಿಕ್ಷ. ಇದನ್ನು 'ಮೊ' ಎಂದು ಕರೆಯೋಣ. ಕ್ಷ ಜಾಗಕ್ಕೆ π/4 − ಕ್ಷ ಹಾಕಿ.

ಟ್ಯಾನ್(π/4 − ಕ್ಷ) = (1 − ಟ್ಯಾನ್ ಕ್ಷ)/(1 + ಟ್ಯಾನ್ ಕ್ಷ)
1 + ಟ್ಯಾನ್(π/4 − ಕ್ಷ) = 2/(1 + ಟ್ಯಾನ್ ಕ್ಷ)

ಲಾಗ್ ತೆಗೆದರೆ ಲಾಗ್ 2 − ಲಾಗ್(1 + ಟ್ಯಾನ್ ಕ್ಷ). ಹಾಗಾದರೆ ಮೊ = (π/4) ಲಾಗ್ 2 − ಮೊ. 2 ಮೊ = (π/4) ಲಾಗ್ 2, ಮೊ = (π/8) ಲಾಗ್ 2, ಸುಮಾರು 0.272. ಒಂದು ಸಲವೂ ಅನುಕಲಿಸಲಿಲ್ಲ.

ಇಂಥ ಲೆಕ್ಕ ಗುರುತಿಸುವುದು ಹೇಗೆ? ಫ(ಕ್ಷ) + ಫ(ಅ − ಕ್ಷ) ಕೂಡಿದಾಗ ಕ್ಷ ಮಾಯವಾಗಿ ಬರೀ ಸಂಖ್ಯೆ ಉಳಿಯಬೇಕು; ಉತ್ತರ ಆ ಸಂಖ್ಯೆಯ ಅರ್ಧ ಗುಣಿಸು ಅಂತರದ ಉದ್ದ. √ಸೈನ್ ಕ್ಷ/(√ಸೈನ್ ಕ್ಷ + √ಕಾಸ್ ಕ್ಷ) ಅನ್ನು 0ಯಿಂದ π/2ವರೆಗೆ ಕೊಟ್ಟರೆ ಕೂಡಿದಾಗ 1, ಉತ್ತರ π/4. ವರ್ಗಮೂಲದ ಬದಲು ಹತ್ತನೇ ಘಾತ ಕೊಟ್ಟರೂ ಉತ್ತರ ಅದೇ. ಲಿಮಿಟ್‌ಗಳು ಅ ಮತ್ತು ಬ ಇದ್ದರೆ ಅ + ಬ − ಕ್ಷ ಹಾಕಿ. ಕೂಡಿದಾಗ ಕ್ಷ ಹೋಗದಿದ್ದರೆ ಈ ದಾರಿ ಬಿಡಿ, ಜಗ್ಗಾಡಬೇಡಿ.

ಹಂತ 7: ಪ್ರತಿ-ಅವಕಲವೇ ಇಲ್ಲದಿದ್ದರೆ

ಇ^(ಕ್ಷ²) ನಂಥ ಫಂಕ್ಷನ್ನಿಗೆ ನಮಗೆ ಗೊತ್ತಿರುವ ಸೂತ್ರಗಳಲ್ಲಿ ಬರೆಯಬಹುದಾದ ಪ್ರತಿ-ಅವಕಲ ಇಲ್ಲ. ನಿಮ್ಮ ಜಾಣ್ಮೆ ಸಾಲದು ಅಂತಲ್ಲ, ಇಲ್ಲವೆಂದು ಸಾಧಿಸಲಾಗಿದೆ. ಆದರೆ ಅದರ ನಿಶ್ಚಿತ ಅನುಕಲ ಇದ್ದೇ ಇದೆ. ಆಗ ಪಟ್ಟಿಗಳಿಗೇ ವಾಪಸ್ ಹೋಗಬೇಕು.

0ಯಿಂದ 1ರವರೆಗೆ ನಾಲ್ಕು ಪಟ್ಟಿ, ಅಗಲ 0.25. ಐದು ಅಂಚುಗಳ ಎತ್ತರ: 1, 1.0645, 1.2840, 1.7551, 2.7183. ತ್ರಾಪಿಜ್ಯ ವಿಧಾನದಲ್ಲಿ ಎರಡು ತುದಿಗಳನ್ನು ಅರ್ಧ ಮಾಡಿ, ನಡುವಿನವನ್ನು ಪೂರ್ತಿ ಕೂಡಿ, ಅಗಲದಿಂದ ಗುಣಿಸಿ: 0.25 × (1.8592 + 4.1036), ಅಂದರೆ 1.4907. ಸಿಂಪ್ಸನ್ ವಿಧಾನದಲ್ಲಿ ಎತ್ತರಗಳಿಗೆ ಕ್ರಮವಾಗಿ 1, 4, 2, 4, 1 ತೂಕ ಕೊಟ್ಟು, ಕೂಡಿ, ಅಗಲದ ಮೂರನೇ ಒಂದರಿಂದ ಗುಣಿಸಿ: 17.5647 × 0.25/3 = 1.4637. ನಿಜವಾದ ಬೆಲೆ 1.4627. ಅದೇ ಐದು ಅಂಕಿಗಳಿಂದ ಸಿಂಪ್ಸನ್ ಎಷ್ಟು ಹತ್ತಿರ ತಂದಿದೆ ನೋಡಿ. ತ್ರಾಪಿಜ್ಯ ಹೆಚ್ಚು ತೋರಿಸಿದ್ದಕ್ಕೆ ಕಾರಣ ಇದೆ: ಈ ಗೆರೆ ಬಟ್ಟಲಿನಂತೆ ಮೇಲ್ಮುಖವಾಗಿ ಬಾಗಿದೆ, ಎರಡು ಬಿಂದು ಸೇರಿಸುವ ನೇರ ಗೆರೆ ಯಾವಾಗಲೂ ಅದರ ಮೇಲೆಯೇ ಇರುತ್ತದೆ. ಬೋರಲು ಹಾಕಿದ ಬಟ್ಟಲಿನಂತೆ ಬಾಗಿದ್ದರೆ ಕಡಿಮೆ ತೋರಿಸುತ್ತದೆ.

ಸಿಂಪ್ಸನ್ನಿಗೆ ಪಟ್ಟಿಗಳ ಸಂಖ್ಯೆ ಸಮ ಇರಲೇಬೇಕು. ಐದು ಪಟ್ಟಿಗೆ 1, 4, 2, 4, 2, 1 ಎಂದು ಹಾಕಿದರೆ ಉತ್ತರ ಬರುತ್ತದೆ, ಆದರೆ ತಪ್ಪು. ಪಟ್ಟಿಗಳ ಸಂಖ್ಯೆಯನ್ನೂ ಅಂಚುಗಳ ಸಂಖ್ಯೆಯನ್ನೂ ಗೊಂದಲ ಮಾಡಿಕೊಳ್ಳಬೇಡಿ. ನಾಲ್ಕು ಪಟ್ಟಿಗೆ ಐದು ಅಂಚು.

ಸೂತ್ರವೇ ಇಲ್ಲದ, ಬರೀ ಅಳತೆಗಳಿರುವ ಕಡೆಯೂ ಇದೇ ದಾರಿ. ಬೆಳಿಗ್ಗೆ 6ರಿಂದ 10ರವರೆಗೆ ಗಂಟೆಗೊಮ್ಮೆ ನೋಡಿದಾಗ ಲೋಡ್ 0.4, 0.8, 1.6, 1.2, 0.4 ಕಿಲೋವ್ಯಾಟ್ ಇತ್ತು ಎನ್ನಿ. ತ್ರಾಪಿಜ್ಯದ ಲೆಕ್ಕಕ್ಕೆ 0.2 + 0.8 + 1.6 + 1.2 + 0.2 = 4 ಯೂನಿಟ್.

ಕೈಗೆ ಒಂದಿಷ್ಟು ಕೆಲಸ

ಉತ್ತರ ನೋಡುವ ಮೊದಲು ಮಾಡಿ. ಪ್ರತಿಯೊಂದರಲ್ಲೂ ಮೇಲೆ ಹೇಳಿದ ಒಂದು ಹಂತ ಅಡಗಿದೆ.

1. ∫[−1→2] |ಕ್ಷ| ಡಿಕ್ಷ. 3/2 ಬಂದರೆ ಕತ್ತರಿಸಲು ಮರೆತಿದ್ದೀರಿ; 0ಯಲ್ಲಿ ಕತ್ತರಿಸಿದರೆ ½ + 2 = 5/2.

2. ∫[0→π] ಕಾಸ್ ಕ್ಷ ಡಿಕ್ಷ. ಬೆಲೆ 0. ಅದೇ ಗೆರೆಯ ವಿಸ್ತೀರ್ಣ ಕೇಳಿದರೆ 2.

3. ∫[1→ಇ] (ಲಾಗ್ ಕ್ಷ/ಕ್ಷ) ಡಿಕ್ಷ. ಯು = ಲಾಗ್ ಕ್ಷ ಎಂದಿಟ್ಟರೆ ಲಿಮಿಟ್‌ಗಳು 0 ಮತ್ತು 1, ಉತ್ತರ ½. ಹಳೇ ಲಿಮಿಟ್‌ಗಳನ್ನೇ ಬಿಟ್ಟರೆ (ಇ² − 1)/2, ಅಂದರೆ 3.19. ಈ ಫಂಕ್ಷನ್ನಿನ ಗರಿಷ್ಠ ಬೆಲೆಯೇ 0.37, ಅಂತರದ ಉದ್ದ 1.72, 3.19 ಬರುವ ಮಾತೇ ಇಲ್ಲ.

4. ∫[0→π/2] ಸೈನ್² ಕ್ಷ ಡಿಕ್ಷ. π/2 − ಕ್ಷ ಹಾಕಿದರೆ ಸೈನ್² ಹೋಗಿ ಕಾಸ್² ಬರುತ್ತದೆ, ಎರಡೂ ಕೂಡಿದರೆ 1. ಉತ್ತರ π/4.

5. ∫[−1→1] (1/ಕ್ಷ³) ಡಿಕ್ಷ. ಲಿಮಿಟ್ ಹಾಕಿದರೂ 0, ಬೆಸ ಎಂದರೂ 0. ಎರಡು ದಾರಿಯಲ್ಲೂ ಒಂದೇ ಉತ್ತರ ಬಂತಲ್ಲ ಎಂದು ನಂಬಿಬಿಡಬೇಡಿ, ಈ ಅನುಕಲಕ್ಕೆ ಬೆಲೆಯೇ ಇಲ್ಲ.